ಅಥೆನ್ಸಿನಲ್ಲಿ ಉಡಿ ತುಂಬಿದ್ದು

ಹೊರಡುವ ಮೊದಲು

ಗ್ರೀಸ್ ದೇಶದಿಂದ ಬಂದಾಗಿನಿಂದ ರೋಣದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಏನೇನ್ ನೋಡಿ ಬಂದ್ರಿ ಮಾಸ್ತರ?" ಗುಡ್ಡದ ಮೇಲಿನ ಗುಡಿ ನೋಡಿದೆ, ನೀಲಿ ಸಮುದ್ರ ನೋಡಿದೆ, ಎರಡು ಸಾವಿರ ವರ್ಷಗಳಿಂದ ಸೀರೆ ಜಾರದೆ ನಿಂತ ಕಲ್ಲಿನ ಹೆಂಗಸರನ್ನು ನೋಡಿದೆ ಎನ್ನುತ್ತೇನೆ. ಎಲ್ಲವೂ ಖರೆ. ಆದರೆ ಆ ದೇಶದಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ನನ್ನ ಹೆಂಡತಿಯನ್ನು, ಅದೂ ಹೊಟ್ಟೆ ಉರಿದುಕೊಂಡು. ಈ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ನಾಟಕದವರಿಗೆ ಪೋಷಾಕು ಮಾಡಿಕೊಡುವುದು ನನ್ನ ಹುಚ್ಚು. ಧಾರವಾಡದ ಕಾಲೇಜಿನವರು ಹಳೆಯ ಗ್ರೀಕ್ ನಾಟಕವೊಂದನ್ನು ಕನ್ನಡದಲ್ಲಿ ಆಡಿದಾಗ ಅದರ ಉಡುಗೆಗಳನ್ನು ಬರೆದವನು, ಕತ್ತರಿಸಿದವನು, ಹೊಲಿದವನು ನಾನೇ. ಗಜೇಂದ್ರಗಡದ ಮಗ್ಗದ ಬಿಳಿ ಬಟ್ಟೆ, ಅಂಚಿಗೆ ಕೆಂಪು ದಡಿ. ಒಬ್ಬ ಪ್ರೊಫೆಸರರು ಅದರ ಫೋಟೋಗಳನ್ನು ಅಥೆನ್ಸಿನಲ್ಲಿದ್ದ ತಮ್ಮ ಪರಿಚಯದವರಿಗೆ ಕಳಿಸಿದರು. ಆರು ತಿಂಗಳಿಗೆ ಉತ್ತರ ಬಂತು. ಅಲ್ಲಿಯ ರಂಗಮಂದಿರವೊಂದರಲ್ಲಿ ಹದಿನೈದು ಹೆಂಗಸರ ಮೇಳಕ್ಕೆ ಹಳೆಯ ಕಾಲದ ಉಡುಗೆ ಮಾಡಬೇಕಾಗಿತ್ತು. ಹೊಲಿಯದ ಬಟ್ಟೆಯನ್ನು ಇಂದಿಗೂ ಉಡುವ ದೇಶಗಳಿಂದ ಕಲಿಯಬೇಕೆಂದು ಅವರ ಆಸೆ. ಉಡುಗೆ ಬರೆದವರು ಬರಲಿ, ಜೊತೆಗೆ ದಿನಾ ಅಂಥ ಬಟ್ಟೆ ಉಡುವ ಒಬ್ಬ ಹೆಂಗಸೂ ಬರಲಿ ಎಂದು ಕಾಗದದಲ್ಲಿತ್ತು.

ಮೊದಲನೆಯ ಸಾಲನ್ನು ನಾನು ಹತ್ತು ಸಲ ಓದಿದೆ. ಎರಡನೆಯದನ್ನು ಒಂದೇ ಸಲ. ಹೆಂಗಸು ಅಂದರೆ ಮನೆಯಲ್ಲಿ ಪಾರವ್ವ ಇದ್ದಳಲ್ಲ. ಚಿಕ್ಕನರಗುಂದದ ಒಕ್ಕಲುತನದ ಮನೆಯ ಮಗಳು, ನನ್ನ ಕೈಹಿಡಿದು ಹನ್ನೊಂದು ವರ್ಷ. ಮಕ್ಕಳಿಲ್ಲ. ಓದು ಬರಹವಿಲ್ಲ. "ನೀ ಸುಮ್ಮನ ಬಂದು ನಿಂತರ ಸಾಕು, ಉಳಿದದ್ದೆಲ್ಲ ನಾ ನೋಡಿಕೊಂತೀನಿ" ಎಂದೆ. "ಆತ್ರಿ" ಎಂದಳು. ಹೊರಡುವ ಮೊದಲು ಇಟಗಿ ಭೀಮವ್ವನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಅಲ್ಲಿ ಅವಳು ವರ್ಷವರ್ಷವೂ ಬೇಡುವುದು ಒಂದೇ, ಒಂದು ಕೂಸು. ಈ ಸಲ ಹಡಗಿನ ಮಾತನ್ನೂ ಸೇರಿಸಿದ್ದಳಂತೆ.

ಹಡಗು

ಮುಂಬಯಿ ಬಿಟ್ಟ ಎರಡನೆಯ ದಿನಕ್ಕೆ ನಾನು ಹಾಸಿಗೆ ಹಿಡಿದೆ. ಹಡಗು ಒಂದು ಕಡೆ ವಾಲಿದರೆ ನನ್ನ ಹೊಟ್ಟೆ ಇನ್ನೊಂದು ಕಡೆ ವಾಲುತ್ತಿತ್ತು. ಸಮುದ್ರವನ್ನು ಜನ್ಮದಲ್ಲಿ ಕಾಣದ ಪಾರವ್ವ ಮೇಲಿನ ಅಟ್ಟದಲ್ಲಿ ಕಾಲು ಚಾಚಿ ಕೂತು ಒಣಗಿಸಿದ ಕಟಕ ರೊಟ್ಟಿ ಮುರಿಯುತ್ತಿದ್ದಳು.

ಮೂರನೆಯ ದಿನ ಹೇಗೋ ಎದ್ದು ಹೋಗಿ ನೋಡಿದರೆ ಅಲ್ಲೊಂದು ಸಂತೆ. ಗಾಳಿಗೆ ಬಿಳಿ ಮಡ್ಡಮ್ಮಂದಿರ ಟೊಪ್ಪಿಗೆ ಹಾರುತ್ತಿವೆ, ಲಂಗ ಹಾರುತ್ತಿವೆ, ಮುಂಬಯಿಯ ಪಾರ್ಸಿ ಬಾಯಿಯೊಬ್ಬಳ ಸೀರೆ ಪಟದಂತೆ ಉಬ್ಬಿದೆ. ಪಾರವ್ವನ ಸೀರೆ ಮಾತ್ರ ಇದ್ದಲ್ಲೇ ಇದೆ. ಪಾರ್ಸಿ ಬಾಯಿ ಕೈಸನ್ನೆಯಲ್ಲಿ ಕೇಳಿದಳು, ಇವಳು ಎದ್ದು ಅವಳ ಸೆರಗು ಎಳೆದು ಸುತ್ತಿ ಸಿಕ್ಕಿಸಿದಳು. ಏಡನ್ ಬರುವಷ್ಟರಲ್ಲಿ ಸೀರೆಯುಟ್ಟ ಏಳೆಂಟು ಹೆಂಗಸರು ಬೆಳಿಗ್ಗೆ ಎದ್ದ ಕೂಡಲೇ ಪಾರವ್ವನ ಮುಂದೆ ಸಾಲುಹಚ್ಚಿ ನಿಲ್ಲತೊಡಗಿದರು.

ನಾನು ನನ್ನ ಚಿತ್ರದ ಪುಸ್ತಕ ತೆರೆದುಕೊಂಡು ಪಕ್ಕದಲ್ಲೇ ಕೂತೆ. ಗ್ರೀಕರ ಉಡುಗೆಯ ಮೂವತ್ತು ಚಿತ್ರ, ಬಣ್ಣ ಹಚ್ಚಿದ್ದು. ಒಬ್ಬರೂ ಇತ್ತ ಕಣ್ಣು ಹಾಯಿಸಲಿಲ್ಲ. ಹೊಟ್ಟೆಯಲ್ಲಿ ಏನೋ ಚುರುಕ್ ಎಂದಿತು. ಸಮುದ್ರದ ಬ್ಯಾನಿ ಎಂದುಕೊಂಡೆ.

ಪಿರೇಯಸ್ ಬಂದರು

ಪೋರ್ಟ್ ಸೈದ್‌ನಲ್ಲಿ ಹಡಗು ಬದಲಿಸಿ ಪಿರೇಯಸ್ ಬಂದರಿನಲ್ಲಿ ಇಳಿದೆವು. ಅಲ್ಲಿಯ ಸುಂಕದ ಅಧಿಕಾರಿಗೆ ನಮ್ಮ ಟ್ರಂಕು ತೆರೆಸುವ ಹಂಬಲ ಬಹಳ. ಪಾರವ್ವನ ಗಂಟಿನಿಂದ ಕಟಕ ರೊಟ್ಟಿ ತೆಗೆದು ಮೇಜಿಗೆ ಟಕ್ ಟಕ್ ಬಡಿದು ನೋಡಿದ. ಬೆಳಕಿಗೆ ಹಿಡಿದ. ತಿನ್ನುವ ವಸ್ತು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದರೆ ಗದ್ದ ಮೇಲೆತ್ತಿ "ಚ್" ಎಂದ. ನಮ್ಮ ಕಡೆ 'ಇಲ್ಲ' ಎನ್ನುವುದೂ ಹಾಗೇ. ಪಾರವ್ವನಿಗೆ ತಟ್ಟನೆ ತಿಳಿಯಿತು.

"ನಂಬಲಿಲ್ಲೇನಪಾ? ತಡಿ" ಎಂದವಳೇ ಒಂದು ಚೂರು ಮುರಿದು, ಶೇಂಗಾ ಚಟ್ನಿ ಹಚ್ಚಿ ಅವನ ಕೈಗಿಟ್ಟಳು. ತಿಂದ. ಕಣ್ಣಲ್ಲಿ ನೀರು ಬಂತು. ಮತ್ತೊಂದು ಚೂರಿಗೆ ಕೈ ಚಾಚಿದ. ಅವಳ ಗಂಟಿಗೆ ಸುಣ್ಣದ ಗುರುತು ಹಾಕಿ ಕಳಿಸಿಬಿಟ್ಟ.

ನನ್ನ ಟ್ರಂಕಿನ ತಳದಲ್ಲಿ ಗುಂಡುಪಿನ್ನಿನ ಡಬ್ಬಿಗಳಿದ್ದವು. ಇಷ್ಟು ಪಿನ್ನು ಯಾಕೆ, ಯಾರಿಗೆ, ಮಾರಲಿಕ್ಕೋ ಎಂದು ನನ್ನನ್ನು ಮಧ್ಯಾಹ್ನದವರೆಗೆ ಕೂಡ್ರಿಸಿದರು. ಪಾರವ್ವ ಹೊರಗೆ ಗಂಟಿನ ಮೇಲೆ ಕೂತು ಹಮಾಲರೊಂದಿಗೆ ನಗುತ್ತಿದ್ದಳು. ಯಾವ ಭಾಷೆಯಲ್ಲಿ ನಗುತ್ತಿದ್ದಳೋ ದೇವರಿಗೇ ಗೊತ್ತು.

ಅಥೆನ್ಸ್: ಹೊಲಿಗೆಯ ಕೋಣೆ

ರಂಗಮಂದಿರದ ಪೋಷಾಕಿನ ಕೋಣೆಗೆ ಯಜಮಾನಿ ಸೋಫಿಯಾ. ಅರವತ್ತರ ಹೆಂಗಸು, ಕಪ್ಪು ಉಡುಪು, ಕೊರಳಲ್ಲಿ ಅಳತೆಯ ಟೇಪು, ಸೊಂಟದಲ್ಲಿ ಜೋತಾಡುವ ಕತ್ತರಿ. ಇಂಗ್ಲಿಷ್ ಬಲ್ಲವಳು. ನಾನು ಹೈಸ್ಕೂಲಿನ ಇಂಗ್ಲಿಷಿನಲ್ಲಿ ನಿಭಾಯಿಸಿ ಪಾರವ್ವನಿಗೆ ಕನ್ನಡದಲ್ಲಿ ಹೇಳಬೇಕು. ಪಾರವ್ವ ಮೊದಲ ದಿನವೇ ಅವಳನ್ನು ಸೋಫೀಬಾಯಿ ಮಾಡಿದಳು.

ಗ್ರೀಕರ ಹಳೆಯ ಉಡುಗೆ ದೊಡ್ಡ ರಹಸ್ಯವೇನಲ್ಲ. ಉದ್ದನೆಯ ಬಟ್ಟೆಯನ್ನು ಮೈಗೆ ಸುತ್ತಿ, ಭುಜದ ಮೇಲೆ ಸಿಕ್ಕಿಸಿ, ನಡುವಿಗೆ ದಾರ ಬಿಗಿದು, ದಾರದ ಮೇಲೆ ಬಟ್ಟೆಯನ್ನು ಸ್ವಲ್ಪ ಎಳೆದು ಚೀಲದಂತೆ ಇಳಿಬಿಡುತ್ತಾರೆ. ಅಷ್ಟೇ. ಕಷ್ಟವಿರುವುದು ಆ ಚೀಲವೂ ನಿರಿಗೆಯೂ ಇದ್ದಲ್ಲಿ ಇರುವಂತೆ ಮಾಡುವುದರಲ್ಲಿ. ನಾನು ಅದಕ್ಕೆ ಉಪಾಯ ಕಂಡುಹಿಡಿದಿದ್ದೆ. ಒಂದೊಂದು ನಿರಿಗೆಯನ್ನೂ ಮಶಿನ್ನಿನಲ್ಲಿ ಹೊಲಿದು, ಇಸ್ತ್ರಿ ಹೊಡೆದು, ಒಳಗಿನಿಂದ ಪಿನ್ನು ಚುಚ್ಚಿದ್ದೆ. ಧಾರವಾಡದಲ್ಲಿ ಇದಕ್ಕೇ ಚಪ್ಪಾಳೆ ಬಿದ್ದಿತ್ತು.

ನಾನು ತಂದಿದ್ದ ಅಂಥದೊಂದು ಉಡುಗೆಯನ್ನು ಎಲೆನಿ ಎಂಬ ಮೇಳದ ಹುಡುಗಿಗೆ ತೊಡಿಸಿದೆವು. ನಿಂತಳು. ಕಲ್ಲಿನ ಬೊಂಬೆಯೇ ಎದ್ದು ಬಂದಂತಿತ್ತು. ನಾನು ಕೈಕಟ್ಟಿ ನಿಂತೆ.

"ಓಡು" ಎಂದಳು ಸೋಫಿಯಾ. ಓಡಿದಳು. "ಈಗ ನೆಲಕ್ಕೆ ಬಿದ್ದು ಅಳು." ಆ ನಾಟಕದಲ್ಲಿ ಮೇಳದ ಹೆಂಗಸರ ಕೆಲಸವೇ ಅಳುವುದು. ಎಲೆನಿ ಮೊಣಕಾಲೂರಿ ನೆಲ ಬಡಿದಳು. ಪರ್ ಎಂದು ಒಂದು ಸದ್ದು. ಆಮೇಲೆ ಅವಳು ಅತ್ತದ್ದು ನಾಟಕಕ್ಕಲ್ಲ, ಪಿನ್ನು ಚುಚ್ಚಿದ್ದಕ್ಕೆ.

ಸೋಫಿಯಾ ಹರಿದ ನಿರಿಗೆ ಕೈಯಲ್ಲಿ ಹಿಡಿದು, "ಇದು ಬಟ್ಟೆಯ ಚಿತ್ರ. ಬಟ್ಟೆ ಅಲ್ಲ" ಎಂದಳು. ಹುಡುಗಿಯ ಹೆಜ್ಜೆ ದೊಡ್ಡದು, ನೆಲ ಒರಟು ಎಂದು ನಾನು ವಾದಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೂಲೆಯಲ್ಲಿ ಕೂತಿದ್ದ ಪಾರವ್ವ ಎದ್ದಳು. "ಏನ್ರಿ, ಆ ಹುಡುಗಿಗೆ ನಾ ಉಡಿಸಲ್ಯಾ? ಪಾಪ, ಕೂಸು ಅಳಾಕತ್ತೈತಿ."

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸೋಫಿಯಾ ಅವಳ ಕೈಗೆ ಒಂದು ಹೊಸ ಬಟ್ಟೆ ಕೊಟ್ಟಾಗಿತ್ತು. ನಾವು ತಂದಿದ್ದ ಗಜೇಂದ್ರಗಡದ್ದೇ, ಇನ್ನೂ ಕತ್ತರಿ ಕಾಣದ್ದು. ಪಾರವ್ವ ಅದನ್ನು ಹುಡುಗಿಗೆ ಸುತ್ತಿ, ನಡುವಿನ ದಾರ ಬಿಗಿದು, ಮುಂದಿನ ಬಟ್ಟೆ ಎಳೆದು ಎರಡು ಕಡೆ ತಿರುವಿ ಒಳಗೆ ಸಿಕ್ಕಿಸಿದಳು. ಹತ್ತಿ ಬಿಡಿಸುವಾಗ ನಮ್ಮ ಹೆಂಗಸರು ಕಟ್ಟಿಕೊಳ್ಳುವ ಉಡಿ, ಮಡಿಲಿನ ಚೀಲ. ಚಿಕ್ಕನರಗುಂದದ ಹೊಲದಲ್ಲಿ ಅವಳು ಏಳು ವರ್ಷದವಳಿದ್ದಾಗಿನಿಂದ ಕಟ್ಟಿದ್ದು. ಇಷ್ಟಾದ ಮೇಲೆ ತಡೆದು ನಿಂತಳು.

"ಹೊಸಾ ಅರಿವಿರಿ. ಬರೇ ಉಡಿಲೆ ಹ್ಯಾಂಗ ಕಳಸೋದು?"

ತನ್ನ ಗಂಟಿನಿಂದ ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಒಂದು ಅರಿಷಿಣದ ಬೇರು ತಂದು ಆ ಉಡಿಯಲ್ಲಿ ಹಾಕಿದಳು. ಹಣೆಗೆ ಕುಂಕುಮ ಹಚ್ಚಿದಳು. "ಓಡವ್ವಾ ಈಗ" ಎಂದು ಬೆನ್ನು ತಟ್ಟಿದಳು.

ಎಲೆನಿ ಓಡಿದಳು, ಬಿದ್ದಳು, ನೆಲ ಬಡಿದಳು, ಹೊರಳಿದಳು. ಉಡಿಯ ಭಾರಕ್ಕೆ ನಿರಿಗೆಗಳು ನೆಟ್ಟಗೆ ಇಳಿದು ಅವಳ ಜೊತೆಗೇ ಓಡಿದವು. ಒಂದು ಕಾಳು ಅಕ್ಕಿ ನೆಲಕ್ಕೆ ಬೀಳಲಿಲ್ಲ. ಸೋಫಿಯಾ ಅಳತೆಯ ಟೇಪು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ಪಾರವ್ವನ ಎರಡೂ ಕೈ ಹಿಡಿದುಕೊಂಡಳು.

ನಾನು ನೆಲದ ಮೇಲಿನ ಪಿನ್ನು ಆರಿಸುತ್ತಿದ್ದೆ.

ಕಲ್ಲಿನ ಹೆಂಗಸರು

ಮರುದಿನ ಸೋಫಿಯಾ ನಮ್ಮನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ನಮ್ಮನ್ನು ಎಂದರೆ ಪಾರವ್ವನನ್ನು, ಅವಳ ಮಾತು ಹೇಳಲು ನನ್ನನ್ನು. ಕಲ್ಲಿನ ಹೆಂಗಸರ ನಡುವಿನ ಮೇಲೆ ಇಳಿಬಿದ್ದ ಬಟ್ಟೆಯನ್ನು ತೋರಿಸಿ, ಇದು ಯಾಕೆ ಹೀಗೆ ಭಾರವಾಗಿ ಇಳಿದಿದೆ ಎಂದು ಆಕೆಯನ್ನು ಕೇಳಿ ಎಂದಳು.

ಪಾರವ್ವ ಕಲ್ಲಿನ ಸುತ್ತ ಒಂದು ಸುತ್ತು ಬಂದಳು. "ಈಕಿ ಉಡ್ಯಾಗ ಏನೋ ಐತಿ. ಆ ಕಡಿ ನಿಂತಾಳಲ್ಲ, ಆಕಿದು ಬರಿದು. ನೋಡ್ರಿ, ನಿರಿಗಿ ಹ್ಯಾಂಗ ಸಡ್ಲಾಗ್ಯಾವ."

ನಾನು ಇಂಗ್ಲಿಷಿನಲ್ಲಿ ಹೇಳುವಾಗ "ಇಬ್ಬರ ಉಡುಗೆಯೂ ಚೆನ್ನಾಗಿದೆ ಎನ್ನುತ್ತಾಳೆ" ಎಂದಷ್ಟೇ ಹೇಳಬೇಕೆಂದು ನಾಲಿಗೆ ತುರಿಸಿತು. ಆ ಹೊತ್ತು ಹೇಗೋ ಖರೆ ಮಾತು ಹೊರಬಂತು. ಸೋಫಿಯಾ ಎರಡೂ ಕಲ್ಲುಗಳ ನಡುವೆ ಬಹಳ ಹೊತ್ತು ನಿಂತಳು. ನಾನು ಅದೇ ಕಲ್ಲುಗಳ ಚಿತ್ರವನ್ನು ಪುಸ್ತಕ ನೋಡಿ ಮೂರು ವರ್ಷ ಬರೆದಿದ್ದೆ. ನನಗೆ ಕಂಡಿರಲಿಲ್ಲ.

ಅಂದಿನಿಂದ ಹೊಲಿಗೆಯ ಕೋಣೆಯಲ್ಲಿ ದಿನಾ ಅದೇ. ಹದಿನೈದು ಹುಡುಗಿಯರೂ ಪಾರವ್ವನ ಮುಂದೆ ಸಾಲಾಗಿ ಬಂದು ನಿಲ್ಲುವರು. ಉಡಿಸುವಳು, ಉಡಿ ಕಟ್ಟುವಳು, ತುಂಬುವಳು. ಗಂಟಿನ ಅಕ್ಕಿ ತೀರಿದ ಮೇಲೆ ಸೋಫಿಯಾ ಅಲ್ಲಿಯ ಗೋಧಿ, ಬಾದಾಮಿ, ಒಣ ಅಂಜೂರ ತರಿಸಿದಳು. ಪಾರವ್ವ ಒಬ್ಬೊಬ್ಬಳಿಗೂ "ಮುತ್ತೈದಿಯಾಗವ್ವಾ" ಎನ್ನುತ್ತ ತುಂಬುತ್ತಿದ್ದಳು. ಹುಡುಗಿಯರು ಮರೆಯಲ್ಲಿ ಬಾದಾಮಿ ತಿಂದು ಬರಿ ಉಡಿಯಲ್ಲಿ ಬಂದರೆ ಕಿವಿ ಹಿಂಡಿ ಮತ್ತೆ ತುಂಬುತ್ತಿದ್ದಳು.

ಓದುವವರಿಗೆ ಒಂದು ಮಾತು ಹೇಳಲೇಬೇಕು. ರೋಣದಲ್ಲಿ ಮದುವೆ, ಬಸುರಿಯ ಕುಬಸ ಎಂದರೆ ಐದು ಮಂದಿ ಮುತ್ತೈದೆಯರು ಉಡಿ ತುಂಬುತ್ತಾರೆ. ಹನ್ನೊಂದು ವರ್ಷದಲ್ಲಿ ಪಾರವ್ವನನ್ನು ಅದಕ್ಕೆ ಒಬ್ಬರೂ ಕರೆದಿರಲಿಲ್ಲ. ಮಕ್ಕಳಿಲ್ಲದವಳ ಕೈ. ಅವಳ ಉಡಿಯನ್ನು ಕರುಣೆಯಿಂದ ತುಂಬಿದವರು ಉಂಟು, ಅವಳಿಂದ ತುಂಬಿಸಿಕೊಂಡವರಿಲ್ಲ. ಇಲ್ಲಿ ಹದಿನೈದು ಹುಡುಗಿಯರು ದಿನಾ ಬಂದು ನಿಲ್ಲುತ್ತಿದ್ದರು. ಅವಳು ಹಾಡು ಗುನುಗುತ್ತ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಲ್ಲಿಯೇ ಮೊದಲು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯಿತು.

ವಸತಿಗೃಹ

ನನಗೆ ಊಟ ಸೇರದಾಯಿತು. ಬದನೆಕಾಯಿ ಅಲ್ಲಿಯೂ ಉಂಟು, ಎಣ್ಣೆಯಲ್ಲಿ ಮುಳುಗಿಸಿ ತಿನ್ನುತ್ತಾರೆ. ಮೊಸರು ನಮ್ಮ ಕಟ್ಟಿದ ಮೊಸರಿನಷ್ಟೇ ಗಟ್ಟಿ. ಪಾರವ್ವ ಬೆರಳು ನೆಕ್ಕಿ ಉಣ್ಣುತ್ತಿದ್ದಳು. ನನಗೆ ಎಲ್ಲವೂ ಕಹಿ. ಒಂದು ಸಂಜೆ ಮೈ ಬೆಚ್ಚಗಾಗಿ ಮಲಗಿಬಿಟ್ಟೆ.

ಪಾರವ್ವ ಹಣೆ ಮುಟ್ಟಿ ನೋಡಿದಳು. "ಇದು ಜ್ವರ ಅಲ್ರಿ. ನದರ ಆಗೈತಿ. ಇಲ್ಲಿ ಯಾರೋ ನಿಮ್ಮ ಮ್ಯಾಲ ಕಣ್ಣ ಹಾಕ್ಯಾರ. ನೀವು ಇಷ್ಟ್ ಶ್ಯಾಣ್ಯಾ ಅದೀರಿ, ಮಂದಿ ತಡಕೊಂಡಾರೇನು?"

ನಾನು ಗೋಡೆಯ ಕಡೆ ತಿರುಗಿದೆ.

ಉಪ್ಪು, ಒಣ ಮೆಣಸಿನಕಾಯಿ ಹಿಡಿದು ನನ್ನ ಮೇಲೆ ಮೂರು ಸಲ ಇಳಿಸಿ ತೆಗೆದು, ಕೆಳಗೆ ಅಡಿಗೆಮನೆಯ ಒಲೆಗೆ ಹಾಕಲು ಹೋದಳು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಎದ್ದಿತು. ಇಡೀ ವಸತಿಗೃಹದವರು ಕೆಮ್ಮುತ್ತ ಬೀದಿಗೆ ಓಡಿದರು. ಮನೆಯ ಒಡತಿ ಸೌಟು ಹಿಡಿದು ಪಾರವ್ವನ ಹಿಂದೆಯೇ ನನ್ನ ಕೋಣೆಗೆ ಬಂದವಳು, ಇಳಿಸಿ ತೆಗೆದದ್ದನ್ನು ತೋರಿಸುವ ಅವಳ ಕೈಯ ಆಟ ನೋಡಿ, ನನ್ನನ್ನು ನೋಡಿ, ಸೌಟು ಕೆಳಗಿಟ್ಟು, ನನ್ನ ಮುಖದ ಕಡೆ "ಫ್ತೂ, ಫ್ತೂ, ಫ್ತೂ" ಎಂದು ಮೂರು ಸಲ ಉಗುಳಿದಂತೆ ಮಾಡಿದಳು. ಅವರಲ್ಲಿಯೂ ದೃಷ್ಟಿ ತೆಗೆಯುವುದು ಹೀಗೆಯಂತೆ. ಅವರ ಕತ್ತೆಗಳ ಕೊರಳಲ್ಲಿ, ತೊಟ್ಟಿಲಲ್ಲಿ, ಬಸ್ಸುಗಳಲ್ಲಿ ನೀಲಿ ಮಣಿ ಕಟ್ಟುವುದೂ ಅದಕ್ಕೇ. ಇಬ್ಬರೂ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನನ್ನನ್ನು ನೋಡುತ್ತ ನಿಂತರು. ನಿಜವಾಗಿ ಯಾರ ಕಣ್ಣು ಯಾರ ಮೇಲೆ ಬಿದ್ದಿತ್ತೆಂದು ಆ ಕೋಣೆಯಲ್ಲಿ ತಿಳಿದವನು ನಾನೊಬ್ಬನೇ.

ಕೊನೆಯ ದಿನಗಳು

ಹೊರಡಲು ಎರಡು ದಿನವಿತ್ತು. ಸೋಫಿಯಾ ನಮಗೆ ಕಾಫಿ ಕೊಟ್ಟು, ನನಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು:

"ನಾಟಕ ಆಗುವವರೆಗೆ ಆಕೆ ಇಲ್ಲೇ ಇರಲಿ. ಇನ್ನೆರಡು ತಿಂಗಳು. ಕರಪತ್ರದಲ್ಲಿ ಉಡುಗೆಯ ಕೆಳಗೆ ಆಕೆಯ ಹೆಸರು ಹಾಕುತ್ತೇವೆ. ನೀವೂ ಇರಿ. ಆಕೆಯ ಮಾತು ಹೇಳಲು ಒಬ್ಬರು ಬೇಕಲ್ಲ."

ಶಾಲೆ ರಜೆಯಲ್ಲಿತ್ತು, ಇನ್ನಷ್ಟು ರಜೆ ಕೇಳಬಹುದಿತ್ತು. ಮನೆಯಲ್ಲಿ ಎಮ್ಮೆಯೂ ಇರಲಿಲ್ಲ. ಒಲ್ಲೆ ಎನ್ನಲು ಒಂದು ಕಾರಣವೂ ಇರಲಿಲ್ಲ. ಪಾರವ್ವ ಕಾಫಿಯ ತಳದ ಗಷ್ಟು ಬಾಯಿಗೆ ಸಿಕ್ಕು ಮುಖ ಹಿಂಡುತ್ತ, "ಏನಂತಾರ್ರಿ ಸೋಫೀಬಾಯಿ?" ಎಂದಳು.

"ಕೆಲಸ ಮುಗೀತಂತ. ಭಾಳ ಚಲೋ ಮಾಡಿದ್ರಿ, ಹೋಗಿ ಬರ್ರಿ ಅಂತಾರ" ಎಂದೆ.

"ಮುಗೀತಽ?" ಎಂದಳು. ಬಟ್ಟಲು ಕೆಳಗಿಟ್ಟಳು. "ಆ ಕಡೀಕಿನ ಹುಡುಗಿಗೆ ಉಡಿ ಕಟ್ಟಾಕ ಇನ್ನೂ ಬರಂಗಿಲ್ರಿ. ಆಕಿಗೆ ಯಾರು ತುಂಬ್ತಾರ?"

ಸೋಫಿಯಾ ಉತ್ತರಕ್ಕೆ ಕಾಯುತ್ತಿದ್ದಳು. ನನಗೆ ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ಹೇಳಿದೆ. "ಇರಲು ಆಗುವುದಿಲ್ಲವಂತೆ. ಊರಲ್ಲಿ ಮಗು ಇದೆ."

ಸೋಫಿಯಾಳ ಮುಖ ಮೆತ್ತಗಾಯಿತು. "ಅಯ್ಯೋ, ಇಷ್ಟು ದಿನ ಮಗುವನ್ನು ಬಿಟ್ಟು ಬಂದಿದ್ದಾಳೆಯೇ" ಎಂದಳು. ಎದ್ದು ಹೋಗಿ ಒಂದು ನೀಲಿ ಮಣಿ ತಂದು ಪಾರವ್ವನ ಕೈಯಲ್ಲಿಟ್ಟು, ಬೆರಳು ಮಡಚಿಸಿ, ಹಣೆಗೆ ಮುತ್ತು ಕೊಟ್ಟಳು.

"ಯಾರಿಗ್ರಿ ಇದು?"

"ನಿನಗಽ."

ಹಡಗಿನಲ್ಲಿ ನನಗೆ ಹಸಿವಾಯಿತು. ಸಮುದ್ರ ಏನೂ ಮಾಡಲಿಲ್ಲ. ರೊಟ್ಟಿ ಉಳಿದಿದ್ದರೆ ಇನ್ನೆರಡು ತಿನ್ನುತ್ತಿದ್ದೆ. ಪಾರವ್ವ ಅಟ್ಟದ ಮೇಲೆ ಮಣಿ ಹಿಡಿದು ಕೂತಿದ್ದಳು. ಸೆರಗು ಗಾಳಿಗೆ ಹಾರುತ್ತಿದ್ದರೂ ಎಳೆದುಕೊಳ್ಳಲಿಲ್ಲ.

ರೋಣ

ಊರಲ್ಲಿ ಹಾರ ಹಾಕಿದರು. ಶಾಲೆಯ ಅಂಗಳದಲ್ಲಿ ನಾನು ಒಂದು ತಾಸು ಮಾತಾಡಿದೆ, ಗ್ರೀಕರ ಉಡುಗೆಯ ಮರ್ಮ ಅದರ ಉಡಿಯ ಭಾರದಲ್ಲಿದೆ ಎಂದೆ. ಯಾರು ಕಂಡದ್ದು ಎಂದು ಹೇಳಲಿಲ್ಲ. ಪಾರವ್ವ ಹೆಂಗಸರ ಸಾಲಿನಲ್ಲಿ ಕೂತು, "ನಮ್ಮನ್ಯಾಗಿನವರು ಇರದಿದ್ರ ನನ್ನ ಮಾತು ಸೋಫೀಬಾಯಿಗೆ ಯಾರು ಮುಟ್ಟಸ್ತಿದ್ರು? ಆಕಿ ಅಂದದ್ದು ನನಗ, ನಾ ಅಂದದ್ದು ಆಕಿಗೆ, ಒಂದು ಅಕ್ಷರ ಬಿಡದಂಗ ಹೇಳ್ಯಾರ" ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಹತ್ತಿ ಬಿಡಿಸುವ ಕಾಲಕ್ಕೆ ಅಥೆನ್ಸಿನಿಂದ ಒಂದು ಪಾರ್ಸೆಲ್ಲು ಬಂತು. ಪಾರವ್ವ ಕಟ್ಟೆಯ ಮೇಲೆ ಕೂತು ದಾರ ಬಿಚ್ಚಿದಳು. ಮೇಲೆ ಒಂದು ಫೋಟೋ: ಹದಿನೈದು ಹುಡುಗಿಯರು, ಹದಿನೈದು ತುಂಬಿದ ಉಡಿ. ಪಾರವ್ವ ಒಬ್ಬೊಬ್ಬಳ ಮೇಲೂ ಬೆರಳಿಟ್ಟು ನೋಡಿ, "ಕಡೀಕಿನಾಕಿ ಕಲ್ತಾಳ ನೋಡ್ರಿ" ಎಂದು ನಕ್ಕಳು. ಫೋಟೋದ ಕೆಳಗೆ ಮಡಚಿಟ್ಟ ಬಟ್ಟೆ. ಬಿಡಿಸಿದಳು.

ಗೇಣುದ್ದದ ಉಡುಗೆ. ನಮ್ಮ ಗಜೇಂದ್ರಗಡದ ಬಟ್ಟೆಯಲ್ಲಿ ಉಳಿದ ತುಂಡು, ಅದೇ ಕೆಂಪು ದಡಿ. ಭುಜಕ್ಕೆ ಎರಡು ಪುಟ್ಟ ಗುಂಡಿ, ನಡುವಿಗೆ ದಾರ, ದಾರದ ಮೇಲೆ ಬೆರಳು ಹಿಡಿಯುವಷ್ಟು ಉಡಿ. ಅದರೊಳಗೆ ಐದು ಬಾದಾಮಿ.

"ಇದು ಯಾರಿಗ್ರಿ?" ಎಂದಳು.

ಚೀಟಿ ನನ್ನ ಕೈಯಲ್ಲಿತ್ತು. 'ಪಾರವ್ವನ ಮಗುವಿಗೆ' ಎಂದು ಬರೆದಿತ್ತು. ಸೋಫೀಬಾಯಿ ಭೀಮವ್ವನ ಪ್ರಸಾದದ ಹಾಗೆ ನಿನಗೆ ಹರಸಿ ಕಳಿಸಿದ್ದಾಳೆ ಎಂದು ಹೇಳಿದ್ದರೆ ಅವಳು ನಂಬುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಆ ಚಿಕ್ಕ ಉಡುಗೆಯ ನಿರಿಗೆಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದುದನ್ನು ನೋಡಿದೆ. ಹೇಳಿಬಿಟ್ಟೆ. ಇರು ಎಂದದ್ದು, ಎರಡು ತಿಂಗಳು, ಹೆಸರು ಹಾಕುವುದು, ನನ್ನ ಉತ್ತರ, ಮಗು, ಎಲ್ಲವನ್ನೂ. ಯಾಕೆ ಎಂಬುದನ್ನೂ ಹೇಳಿದೆ. "ನಿನ್ನ ಕೈ ಕಂಡು ನನಗ ಹೊಟ್ಟಿಕಿಚ್ಚು ಆತು" ಎಂದೆ.

ಪಾರವ್ವ ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ. ಅವಳು ಬಾದಾಮಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಒಂದೊಂದಾಗಿ ಆ ಉಡಿಯೊಳಗೆ ಹಾಕಿದಳು.

"ಅದಿರ್ಲಿ" ಎಂದಳು. "ಕೂಸು ಐತಿ ಅಂದ್ರೆಲ್ಲ. ಗಂಡು ಅಂದಿದ್ರೋ, ಹೆಣ್ಣೋ?"

ಸೋಫಿಯಾ ಅದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಹೆಣ್ಣು" ಎಂದೆ.

ಅವಳು ತಲೆಯಾಡಿಸಿ, ಊರಿಗೆ ಬಂದಾಗಿನಿಂದ ಕೊರಳಿಗೆ ಕಟ್ಟಿಕೊಂಡಿದ್ದ ನೀಲಿ ಮಣಿ ಬಿಚ್ಚಿ, ಆ ಉಡುಗೆಯ ಭುಜಕ್ಕೆ ಕಟ್ಟಿದಳು.